ಅಡುಗೆ ಪ್ರಶ್ನೋತ್ತರ: ಮಿರ್ಚಿ ಸುಡಿ, ಮಟನ್ ನಿಧಾನಕ್ಕೆ ಬೇಯಲಿ

ಶ್ರಾವಣ ಮುಗಿಯಿತು, ಪತ್ರಗಳೆಲ್ಲ ಒಮ್ಮೆಲೇ ಮಟನ್ ಕಡೆ ತಿರುಗಿವೆ. ಅದರಲ್ಲಿ ಗಂಗಾವತಿಯ ತಾಯಿಯೊಬ್ಬರ ಪತ್ರ ನನಗೆ ಬಹಳ ಹಿಡಿಸಿತು. ಈ ಸಲ ಹೆಚ್ಚಿನ ಜಾಗ ಅವರಿಗೇ. ಉಳಿದ ಪ್ರಶ್ನೆಗಳೂ ಹೆಚ್ಚುಕಡಿಮೆ ಅದೇ ಬೋಗಣಿಯ ಸುತ್ತ ಇರುವಂಥವನ್ನೇ ಆರಿಸಿದ್ದೇನೆ.

ಅಕ್ಕಾ, ನನ್ನ ಮಗ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಓದುತ್ತಿದ್ದಾನೆ. ಅಲ್ಲಿ ಕುರಿ ಮಾಂಸ, ಸುಟ್ಟ ಹಸಿಮೆಣಸಿನಕಾಯಿ, ಆಲೂಗಡ್ಡೆ ಹಾಕಿ ಒಂದು ಸ್ಟ್ಯೂ ಮಾಡುತ್ತಾರಂತೆ. ಫೋನ್ ಮಾಡಿದಾಗಲೆಲ್ಲ ಅದರದ್ದೇ ಮಾತು. ಡಿಸೆಂಬರ್ ರಜೆಗೆ ಊರಿಗೆ ಬರುತ್ತಾನೆ. ನಾನೇ ಮಾಡಿ ಬಡಿಸಬೇಕು ಅಂತ ಆಸೆ. ನಮ್ಮ ಹಸಿಮೆಣಸಿನಕಾಯಿ ಹಾಕಿ ಒಮ್ಮೆ ಮಾಡಿ ನೋಡಿದೆ. ಮನೆಯವರು ಎರಡು ತುತ್ತು ತಿಂದು, ಒಂದು ತಂಬಿಗೆ ನೀರು ಕುಡಿದು ಎದ್ದರು. ಅಲ್ಲಿಯ ಮೆಣಸಿನಕಾಯಿ ನಮ್ಮಲ್ಲಿ ಸಿಗುತ್ತಾ? ಮಸಾಲೆ, ಕೊಬ್ಬರಿ ಏನೂ ಇಲ್ಲದೆ ಮಟನ್‌ಗೆ ರುಚಿ ಬರುತ್ತಾ? — ಗಂಗಾವತಿಯಿಂದ ಒಬ್ಬ ತಾಯಿ

ಬರುತ್ತೆ ತಂಗಿ, ಖಂಡಿತ ಬರುತ್ತೆ. ಆದರೆ ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ಈ ಅಡುಗೆಯಲ್ಲಿ ಮೆಣಸಿನಕಾಯಿ ಖಾರಕ್ಕೆ ಅಲ್ಲ. ಅದೇ ತರಕಾರಿ. ನಾವು ಬದನೆಕಾಯಿ, ಹೀರೇಕಾಯಿ ಹಾಕುವಷ್ಟು ಪ್ರಮಾಣದಲ್ಲಿ ಅವರು ಮೆಣಸಿನಕಾಯಿ ಹಾಕುತ್ತಾರೆ. ಅದೇ ಲೆಕ್ಕದಲ್ಲಿ ನಮ್ಮ ಸಣ್ಣ ಹಸಿಮೆಣಸಿನಕಾಯಿ ಹಾಕಿದರೆ ಯಾರೂ ತಿನ್ನೋಕಾಗಲ್ಲ. ನಿಮ್ಮ ಮನೆಯವರು ಎದ್ದು ಹೋದದ್ದರಲ್ಲಿ ಅವರ ತಪ್ಪೇನಿಲ್ಲ.

ನ್ಯೂ ಮೆಕ್ಸಿಕೊದಲ್ಲಿ ರಿಯೊ ಗ್ರಾಂಡೆ ನದಿ ದಂಡೆಯ ಮೇಲೆ ಹ್ಯಾಚ್ ಅಂತ ಒಂದು ಸಣ್ಣ ಊರಿದೆ. ಅಲ್ಲಿಯ ಮೆಣಸಿನಕಾಯಿಗೆ ದೊಡ್ಡ ಹೆಸರು. ನಮ್ಮಲ್ಲಿ ಬ್ಯಾಡಗಿ ಅಂದರೆ ಹೇಗೋ ಅಲ್ಲಿ ಹ್ಯಾಚ್. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹಸಿರು ಕಾಯಿ ಕೊಯ್ಲಿಗೆ ಬರುತ್ತೆ. ಆಗ ಅಂಗಡಿಗಳ ಮುಂದೆ ಜಾಲರಿಯ ಡ್ರಮ್ಮಿಗೆ ಕಾಯಿ ಸುರಿದು, ಕೆಳಗೆ ಗ್ಯಾಸ್ ಬೆಂಕಿ ಹಚ್ಚಿ, ಡ್ರಮ್ ತಿರುಗಿಸುತ್ತಾ ಸುಡುತ್ತಾರೆ. ಜನ ಮೂಟೆಗಟ್ಟಲೆ ಸುಡಿಸಿಕೊಂಡು ಹೋಗಿ, ಸಿಪ್ಪೆ ತೆಗೆದು, ಫ್ರೀಜರ್‌ನಲ್ಲಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುತ್ತಾರೆ. 'ಕೆಂಪಾ, ಹಸಿರಾ?' ಅಂತ ಹೋಟೆಲ್‌ನಲ್ಲಿ ಕೇಳುವ ಮಾತನ್ನೇ ಆ ರಾಜ್ಯದವರು ತಮ್ಮ ಅಧಿಕೃತ ಪ್ರಶ್ನೆ ಅಂತ ಮಾಡಿಕೊಂಡಿದ್ದಾರೆ. ಮೆಣಸಿನಕಾಯಿ ಮೇಲೆ ಅಷ್ಟು ಪ್ರೀತಿ ಇರುವ ಜನ ನಮಗೆ ಹೊರಗಿನವರು ಹೇಗಾಗುತ್ತಾರೆ, ಅಲ್ವಾ?

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಅವರಿಗೆ ಮೆಣಸಿನಕಾಯಿ, ಆಲೂಗಡ್ಡೆ ಎರಡೂ ತಮ್ಮ ಖಂಡದ ಬೆಳೆ. ಕುರಿ ಮಾತ್ರ ಸ್ಪೇನಿನವರ ಜೊತೆ ಹೊರಗಿನಿಂದ ಬಂತು. ಅಲ್ಲಿಯ ಮೂಲನಿವಾಸಿಗಳಾದ ನವಾಹೊ ಜನ ಆ ಕುರಿಯನ್ನು ಸಾಕಿ, ಉಣ್ಣೆಯಲ್ಲಿ ಕಂಬಳಿ ನೇಯ್ದು, ಮಾಂಸ ಬೇಯಿಸಿ ತಮ್ಮದು ಮಾಡಿಕೊಂಡರು. ನಮ್ಮ ಕಥೆ ಉಲ್ಟಾ. ಕುರಿ, ಕಂಬಳಿ ಮೊದಲಿಂದ ನಮ್ಮವು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂತು. ಎರಡೂ ಕಡೆ ಕೊನೆಗೆ ಒಂದೇ ಬೋಗಣಿಯಲ್ಲಿ ಸೇರಿದವು. ಹಾಗಾಗಿ ನಿಮ್ಮ ಮಗ ಅಲ್ಲಿ ತಿಂದದ್ದನ್ನು ನಮ್ಮೂರಲ್ಲಿ ಮಾಡುವುದು ಏನೂ ಕಷ್ಟ ಅಲ್ಲ.

ಈಗ ಮೆಣಸಿನಕಾಯಿ. ಹ್ಯಾಚ್ ಕಾಯಿ ಇಲ್ಲಿ ಹುಡುಕಬೇಡಿ. ನಮ್ಮ ಮಿರ್ಚಿ ಬಂಡಿಯವರು ಬಜ್ಜಿಗೆ ಬಳಸುವ ಉದ್ದನೆಯ, ತಿಳಿ ಹಸಿರು ಕಾಯಿ ಇದೆಯಲ್ಲ, ಅದೇ ಸಾಕು. ಅದರ ತೊಗಟೆ ದಪ್ಪ, ಖಾರ ಕಮ್ಮಿ, ಸುಟ್ಟರೆ ಸಿಪ್ಪೆ ಸಲೀಸಾಗಿ ಬಿಡುತ್ತೆ. ಒಂದು ಕಿಲೊ ಮಾಂಸಕ್ಕೆ 300 ಗ್ರಾಂ ಬಜ್ಜಿ ಮೆಣಸಿನಕಾಯಿ, ಅದರ ಜೊತೆ ಒಂದು ದೊಡ್ಡ ದಪ್ಪ ಮೆಣಸಿನಕಾಯಿ, ಅಂದರೆ ಕ್ಯಾಪ್ಸಿಕಂ. ಖಾರ ಬೇಕೇ ಬೇಕು ಅನ್ನುವವರು ಎರಡು ಸಣ್ಣ ಹಸಿಮೆಣಸಿನಕಾಯಿ ಇಡಿಯಾಗಿ ಹಾಕಿ, ಕೊನೆಗೆ ತೆಗೆದುಬಿಡಲಿ.

ಸುಡುವ ಕೆಲಸವನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ಕಾಯಿ ಒರೆಸಿ, ಚಾಕುವಿನ ತುದಿಯಿಂದ ಒಂದು ಕಡೆ ಸಣ್ಣಗೆ ಸೀಳಿ. ಇಲ್ಲದಿದ್ದರೆ ಒಳಗಿನ ಹಬೆಗೆ ಕಾಯಿ ಸಿಡಿಯುತ್ತೆ. ಗ್ಯಾಸ್ ಒಲೆ ಮೇಲೆ ಜಾಲರಿ ಇಟ್ಟು ನಾಲ್ಕೈದು ಕಾಯಿ ಸಾಲಾಗಿ ಜೋಡಿಸಿ. ಮೊದಲು ಚುರ್ ಅನ್ನುತ್ತೆ. ತಿಳಿ ಹಸಿರು ಮಾಸುತ್ತೆ. ಆಮೇಲೆ ಸಿಪ್ಪೆ ಅಲ್ಲಲ್ಲಿ ಉಬ್ಬಿ ಬೊಬ್ಬೆ ಏಳುತ್ತೆ, ಬೊಬ್ಬೆಯ ನೆತ್ತಿ ಕಪ್ಪಾಗುತ್ತೆ. ಸೀಳಿದ ಜಾಗದಲ್ಲಿ ಸಣ್ಣ ನೀರಿನ ಗುಳ್ಳೆ ಬಂದು ಒಡೆಯುತ್ತೆ. ಆಗ ಇಕ್ಕಳದಲ್ಲಿ ಹಿಡಿದು ತಿರುವಿ ಹಾಕಿ. ತೊಟ್ಟಿನ ಬುಡದ ಮಡಿಕೆಗಳಿಗೆ ಬೆಂಕಿ ತಾಗುವುದಿಲ್ಲ, ಅಲ್ಲಿಗೆ ಕಾಯಿಯನ್ನು ನೆಟ್ಟಗೆ ಹಿಡಿದು ತೋರಿಸಬೇಕು. ಎಲ್ಲ ಕಡೆ ಕಪ್ಪಾಗಲಿ, ಹೆದರಬೇಡಿ. ಸುಡುವುದು ಸಿಪ್ಪೆ ಮಾತ್ರ, ಒಳಗಿನ ತಿರುಳು ಬರೀ ಬೇಯುತ್ತೆ. ಬಿಸಿ ಇರುವಾಗಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ. ಹತ್ತು ಹದಿನೈದು ನಿಮಿಷ ಬಿಟ್ಟು ತೆಗೆದರೆ, ಒದ್ದೆ ಬೆರಳಿಂದ ಉಜ್ಜಿದರೆ ಸಾಕು, ಸಿಪ್ಪೆ ಜಾರಿ ಬರುತ್ತೆ. ನಲ್ಲಿ ಕೆಳಗೆ ಹಿಡಿದು ತೊಳೆಯಲೇಬೇಡಿ. ಕಷ್ಟಪಟ್ಟು ತಂದ ಹೊಗೆ ವಾಸನೆ ಎಲ್ಲ ನೀರಿನ ಜೊತೆ ಹೋಗುತ್ತೆ. ಅಲ್ಲಲ್ಲಿ ಕಪ್ಪು ಚುಕ್ಕೆ ಉಳಿದರೆ ಉಳಿಯಲಿ, ಅದೇ ರುಚಿ. ಆಮೇಲೆ ಸೀಳಿ, ಬೀಜದ ಜೊತೆ ಒಳಗಿನ ಬಿಳಿ ನಾರನ್ನೂ ತೆಗೆಯಿರಿ. ಖಾರ ಹುಟ್ಟುವುದು ಆ ಬಿಳಿ ನಾರಿನಲ್ಲಿ. ಬೀಜಕ್ಕೆ ಖಾರ ಹತ್ತುವುದು ಅದರಿಂದಲೇ.

ಸೌದೆ ಒಲೆ ಇದ್ದರೆ ಇನ್ನೂ ಒಳ್ಳೆಯದು. ನಾನು ಹುಟ್ಟಿದ್ದು ಸಿರುಗುಪ್ಪ ಕಡೆಯ ಕುರಿ ಸಾಕುವ ಮನೆಯಲ್ಲಿ. ಸುಗ್ಗಿ ಮುಗಿದ ಮೇಲೆ ನಮ್ಮವರು ಕುರಿ ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಿದ್ದರು. ರೈತರ ಹೊಲದಲ್ಲಿ ಕುರಿ ತರುಬಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು. ರಾತ್ರಿ ಒಲೆ ಆರುವ ಮುಂಚೆ ನಮ್ಮ ಅಜ್ಜಿ ಕೆಂಡದ ಮೇಲೆ ಮೆಣಸಿನಕಾಯಿ ಹೊರಳಿಸಿ, ಬಳ್ಳೊಳ್ಳಿ, ಉಪ್ಪು ಹಾಕಿ ಕಲ್ಲಿನ ಮೇಲೆ ಜಜ್ಜಿ ಕೊಡುತ್ತಿದ್ದಳು. ರೊಟ್ಟಿಗೆ ಅದೇ ಪಲ್ಯ. ಸುಟ್ಟ ಮೆಣಸಿನಕಾಯಿಗೆ ಮಸಾಲೆ ಬೇಡ ಅನ್ನುವುದು ನನಗೆ ಅಲ್ಲಿಂದ ಬಂದ ನಂಬಿಕೆ.

ಮಾಂಸ ತರುವಾಗ ಕುರಿಯದ್ದೇ ಕೇಳಿ, ಮೇಕೆಯದ್ದು ಬೇಡ. ಕುರಿಯ ಕೊಬ್ಬಿನ ವಾಸನೆಗೂ ಸುಟ್ಟ ಮೆಣಸಿನಕಾಯಿಗೂ ಚೆನ್ನಾಗಿ ಹೊಂದುತ್ತೆ. ಅವರು ಎಳೆಯ ಮರಿಯ ಮಾಂಸ ಬಳಸುತ್ತಾರೆ, ಒಂದು ವರ್ಷದೊಳಗಿನದು. ನಮ್ಮ ಕಡೆ ಬಳ್ಳಾರಿ ಕುರಿ ಇದೆ, ನಿಮ್ಮ ಕೊಪ್ಪಳ, ರಾಯಚೂರು ಕಡೆ ಕೆಂಗುರಿ ಇದೆ. ಯಾವುದಾದರೂ ಆಗುತ್ತೆ, ಎಳೆಯದಾಗಿರಲಿ ಅಷ್ಟೆ. ಮುಂಗಾಲಿನ ಮೇಲ್ಭಾಗ, ಕುತ್ತಿಗೆ, ನಳಿ ಎಲುಬು ಸೇರಿಸಿ ಕೊಡಿ ಅನ್ನಿ. ಬರೀ ಮೆತ್ತನೆಯ ತೊಡೆ ಮಾಂಸ ಕೊಟ್ಟರೆ ಬೇಡ ಅನ್ನಿ. ಓಡಾಡಿ ಗಟ್ಟಿಯಾದ ಜಾಗದ ಮಾಂಸದಲ್ಲಿ ನಾರು, ಅಂಟು ಜಾಸ್ತಿ. ನಿಧಾನಕ್ಕೆ ಬೇಯಿಸಿದರೆ ಆ ಅಂಟೇ ಕರಗಿ ರಸಕ್ಕೆ ದಪ್ಪ ಕೊಡುತ್ತೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ನೋಡಿ. ಕೊಬ್ಬರಿ, ಗಸಗಸೆ ಮಾಡುವ ಕೆಲಸವನ್ನು ಇಲ್ಲಿ ಎಲುಬು ಮಾಡುತ್ತೆ.

ಒಂದು ಕಿಲೊ ಮಾಂಸವನ್ನು ದೊಡ್ಡ ತುಂಡು ಮಾಡಿಸಿ. ತೊಳೆದ ಮೇಲೆ ಬಟ್ಟೆಯಿಂದ ಒತ್ತಿ ಒರೆಸಿ. ಇದನ್ನು ಬಹಳ ಜನ ಮಾಡುವುದಿಲ್ಲ. ಮಾಂಸದಲ್ಲಿ ನೀರು ಇರುವ ತನಕ ಅದು ಬೇಯುತ್ತೆ, ಕೆಂಪಗೆ ಹುರಿಯುವುದಿಲ್ಲ. ದಪ್ಪ ತಳದ ಬೋಗಣಿಯಲ್ಲಿ ಮೂರು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ, ಐದಾರು ತುಂಡು ಮಾತ್ರ ಹಾಕಿ. ಕೈ ಆಡಿಸಬೇಡಿ. ಒಂದು ಮಗ್ಗುಲು ಕೆಂಪಗಾದ ಮೇಲೆ ತಿರುವಿ. ಹೀಗೇ ಎಲ್ಲ ತುಂಡು ಹುರಿದು ತೆಗೆದಿಡಿ. ಅದೇ ಎಣ್ಣೆಯಲ್ಲಿ ಎರಡು ದೊಡ್ಡ ಉಳ್ಳಾಗಡ್ಡಿ ಹೆಚ್ಚಿ ಹಾಕಿ. ಉಳ್ಳಾಗಡ್ಡಿ ನೀರು ಬಿಟ್ಟಾಗ ತಳಕ್ಕೆ ಹತ್ತಿದ ಕಂದು ಪದರವನ್ನು ಸೌಟಿನಿಂದ ಕೆರೆದು ಸೇರಿಸಿ. ಒಂದು ಗಡ್ಡೆ ಬಳ್ಳೊಳ್ಳಿ, ಒಂದು ಚಮಚ ಜೀರಿಗೆ ಪುಡಿ. ಮಾಂಸ ವಾಪಸ್ ಹಾಕಿ, ಮುಳುಗಿ ಎರಡು ಬೆರಳು ಮೇಲೆ ಬರುವಷ್ಟು ಬಿಸಿ ನೀರು, ಉಪ್ಪು. ಅವರು ಓರೆಗಾನೊ ಹಾಕುತ್ತಾರೆ. ನಿಮ್ಮ ಹಿತ್ತಲಲ್ಲಿ ದೊಡ್ಡಪತ್ರೆ ಇದ್ದರೆ ಎರಡು ಎಲೆ ಕಿವುಚಿ ಹಾಕಿ, ಎರಡರ ವಾಸನೆಯೂ ಹತ್ತಿರ ಹತ್ತಿರ. ಎರಡೇ ಎಲೆ, ಜಾಸ್ತಿ ಆದರೆ ಕಷಾಯ ಕುಡಿದ ಹಾಗಾಗುತ್ತೆ.

ಇನ್ನು ಉರಿ ಸಣ್ಣ ಮಾಡಿ ಮುಚ್ಚಿಡಿ. ಕೊತಕೊತ ಕುದಿಯಬಾರದು. ಆಗೊಂದು ಈಗೊಂದು ಗುಳ್ಳೆ ಎದ್ದರೆ ಸಾಕು. ಎಳೆ ಮಾಂಸ ಒಂದೂವರೆ ಗಂಟೆಯಲ್ಲಿ ಎಲುಬು ಬಿಡೋಕೆ ಶುರು ಮಾಡುತ್ತೆ, ಬಲಿತದ್ದು ಎರಡು ಗಂಟೆ ದಾಟಬಹುದು. ಕೊನೆಯ ಅರ್ಧ ಗಂಟೆ ಇರುವಾಗ ಮೂರು ಆಲೂಗಡ್ಡೆ, ಸುಟ್ಟು ಬಿಡಿಸಿದ ಮೆಣಸಿನಕಾಯಿಯ ಅಗಲ ತುಂಡು ಹಾಕಿ. ಮೊದಲೇ ಹಾಕಿದರೆ ಮೆಣಸಿನಕಾಯಿ ಕರಗಿ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ನಿಮ್ಮ ಮಗನಿಗೆ ಬಾಯಿಗೆ ಸಿಗಬೇಕಲ್ಲ. ಇಳಿಸುವಾಗ ಕೊತ್ತಂಬರಿ, ಅರ್ಧ ನಿಂಬೆಹಣ್ಣಿನ ರಸ. ಗರಂ ಮಸಾಲೆ ಡಬ್ಬಿ ಕೈಗೆ ಸಿಗದ ಜಾಗದಲ್ಲಿ ಇಡಿ. ಅಭ್ಯಾಸಬಲದಿಂದ ಒಂದು ಚಿಟಿಕೆ ಹಾಕಿದರೂ ಸುಟ್ಟ ವಾಸನೆ ಮುಚ್ಚಿಹೋಗುತ್ತೆ.

ಅವರು ಟೋರ್ಟಿಯಾ ಜೊತೆ ತಿನ್ನುತ್ತಾರೆ, ಅದು ಮೈದಾದ ಅಥವಾ ಮೆಕ್ಕೆಜೋಳದ ರೊಟ್ಟಿ. ನೀವು ಸುಮ್ನೆ ಬಿಸಿ ಬಿಸಿ ಜೋಳದ ರೊಟ್ಟಿ ಬಡಿಯಿರಿ. ಡಿಸೆಂಬರ್ ಆದ್ದರಿಂದ ಸಜ್ಜೆ ರೊಟ್ಟಿಯೂ ಚೆಂದ. ಮಗ ಅಲ್ಲಿ ಮಾಂಸದ ಸ್ಟ್ಯೂ ತಿಂದಿರಬಹುದು, ಅದಕ್ಕೆ ಅಮ್ಮನ ರೊಟ್ಟಿ ಮುರಿದು ಅದ್ದಿ ತಿಂದಿಲ್ಲವಲ್ಲ.

ಎಷ್ಟು ಸೀಟಿ ಹೊಡೆಸಿದರೂ ಮಟನ್ ರಬ್ಬರ್ ಹಾಗೆ ಇರುತ್ತೆ. ಪಕ್ಕದ ಮನೆಯವರು ಅಡುಗೆ ಸೋಡಾ ಹಾಕು ಅಂತಾರೆ. ಹಾಕಲಾ? — ರಾಯಚೂರಿನ ಓದುಗರು

ಹಾಕಬೇಡಿ ತಮ್ಮಾ. ಮಾಂಸ ಮೆತ್ತಗಾಗುತ್ತೆ ನಿಜ, ಆದರೆ ಸೋಡಾದ ವಾಸನೆ ನಾಲಿಗೆಯಲ್ಲಿ ಕೂರುತ್ತೆ.

ನೀವು ಸೀಟಿ ಎಣಿಸುವುದು ಬಿಡಿ. ಒಂದು ಕುಕ್ಕರ್ ಎರಡು ನಿಮಿಷಕ್ಕೆ ಸೀಟಿ ಹೊಡೆದರೆ ಇನ್ನೊಂದು ಐದು ನಿಮಿಷಕ್ಕೆ ಹೊಡೆಯುತ್ತೆ. ಒಂದು ಸೀಟಿ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಗಡಿಯಾರ ನೋಡಿ 20ರಿಂದ 25 ನಿಮಿಷ ಬಿಡಿ. ಕುಕ್ಕರ್ ಒಳಗೆ ನೀರು 100 ಡಿಗ್ರಿ ದಾಟಿ 120 ಡಿಗ್ರಿ ಹತ್ತಿರ ಹೋಗುತ್ತೆ, ಅದಕ್ಕೇ ಬೇಗ ಬೇಯುವುದು. ಆದರೆ ನಾರು ಕರಗೋಕೆ ಹೊತ್ತಂತೂ ಬೇಕೇ ಬೇಕು. ಒತ್ತಡ ತಾನಾಗಿ ಇಳಿಯಲಿ, ತೂಕ ಎತ್ತಿ ಹಬೆ ಬಿಡಬೇಡಿ. ಮುಚ್ಚಳ ತೆಗೆದ ಮೇಲೂ ಗಟ್ಟಿ ಇದ್ದರೆ ಮಾಂಸ ಬೆಂದಿಲ್ಲ ಅಂತ ಅರ್ಥ, ಇನ್ನೊಂದು ಹತ್ತು ನಿಮಿಷ ಕೊಡಿ. ತುಂಬಾ ಜನ ಈ ಹಂತದಲ್ಲಿ 'ಜಾಸ್ತಿ ಬೆಂದು ಗಟ್ಟಿಯಾಯಿತು' ಅಂದುಕೊಂಡು ಒಲೆ ಆರಿಸುತ್ತಾರೆ.

ಇನ್ನೊಂದು ಕಾರಣವೂ ಇರಬಹುದು. ಭಾನುವಾರ ಬೆಳಿಗ್ಗೆ ಕಡಿದದ್ದನ್ನು ಮಧ್ಯಾಹ್ನ ಬೇಯಿಸುತ್ತೀರಾ? ಕಡಿದ ಕೆಲವು ಗಂಟೆಗಳಲ್ಲಿ ಮಾಂಸ ಬಿಗಿಯಾಗುತ್ತೆ. ಫ್ರಿಜ್ಜಿನಲ್ಲಿ ಮುಚ್ಚಿಟ್ಟು ಮಾರನೇ ದಿನ ಮಾಡಿದರೆ ಆ ಬಿಗಿ ಸಡಿಲವಾಗಿರುತ್ತೆ. ಶನಿವಾರವೇ ತಂದಿಟ್ಟು ನೋಡಿ.

ಮೆಣಸಿನಕಾಯಿ ಬಿಡಿಸಿದ ಮೇಲೆ ಕೈ ರಾತ್ರಿಯೆಲ್ಲ ಉರಿಯುತ್ತೆ. ಸಣ್ಣ ಮಗುವಿದೆ, ಎತ್ತಿಕೊಳ್ಳೋಕೂ ಭಯ. — ಕೊಪ್ಪಳದ ಓದುಗರು

ಮಗು ಇರುವ ಮನೆಯಲ್ಲಿ ಈ ಕೆಲಸ ಬೇರೆಯವರಿಗೆ ಕೊಡಿ ತಂಗಿ. ಯಾರೂ ಇಲ್ಲದಿದ್ದರೆ ತೆಳು ಕೈಗವಸು ಹಾಕಿಕೊಳ್ಳಿ, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತೆ. ಕೈಗವಸು ಇಲ್ಲದಿದ್ದರೆ ಮೊದಲೇ ಅಂಗೈ, ಬೆರಳ ಸಂದಿ, ಉಗುರಿನ ಬುಡಕ್ಕೆ ಎಣ್ಣೆ ಸವರಿಕೊಳ್ಳಿ. ಮೆಣಸಿನಕಾಯಿಯ ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತೆ. ಅದಕ್ಕೇ ಬರೀ ನೀರಲ್ಲಿ ಎಷ್ಟು ತೊಳೆದರೂ ಉರಿ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಮತ್ತೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯಿರಿ. ಇನ್ನೂ ಉರಿ ಇದ್ದರೆ ತಣ್ಣನೆ ಮೊಸರಿನಲ್ಲಿ ಕೈ ಅದ್ದಿಟ್ಟುಕೊಳ್ಳಿ. ಕಣ್ಣಿಗೆ ತಾಗಿದರೆ ಮಾತ್ರ ಎಣ್ಣೆ, ಮೊಸರು ಏನೂ ಬೇಡ, ತಣ್ಣೀರು ಸುರಿದುಕೊಳ್ಳುತ್ತಾ ಇರಿ. ಉರಿ ಕಮ್ಮಿಯಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಸುಡುವಾಗ ಏಳುವ ಘಾಟು ಕೂಡ ಮಗುವಿಗೆ ಒಳ್ಳೆಯದಲ್ಲ. ಕಿಟಕಿ ತೆಗೆದು, ಮಗುವನ್ನು ಹೊರಗಿನ ಕಟ್ಟೆಯ ಮೇಲೆ ಅಜ್ಜಿ ಹತ್ತಿರ ಬಿಡಿ.

ನಮ್ಮ ರೂಮಲ್ಲಿ ಇಂಡಕ್ಷನ್ ಒಲೆ ಮಾತ್ರ ಇದೆ. ಮೆಣಸಿನಕಾಯಿ ಸುಡೋದು ಹೇಗೆ? — ಮಾನ್ವಿಯಿಂದ ಒಬ್ಬ ಶಿಕ್ಷಕರು

ಕಬ್ಬಿಣದ ಹಂಚು ತನ್ನಿ ಸರ್, ಅದು ಇಂಡಕ್ಷನ್‌ಗೆ ಹಿಡಿಯುತ್ತೆ. ಅಲ್ಯುಮಿನಿಯಂ ಹಂಚು ಹಿಡಿಯುವುದಿಲ್ಲ. ಹಂಚು ಚೆನ್ನಾಗಿ ಕಾದ ಮೇಲೆ ಎಣ್ಣೆ ಹಾಕದೆ ಕಾಯಿ ಇಟ್ಟು, ಸೌಟಿನ ಬೆನ್ನಿಂದ ಒತ್ತಿ ಹಿಡಿಯಿರಿ. ಎಲ್ಲ ಕಡೆ ಒಂದೇ ಸಮ ಕಪ್ಪಾಗುವುದಿಲ್ಲ, ಸಿಪ್ಪೆಯೂ ಪೂರ್ತಿ ಬಿಡುವುದಿಲ್ಲ. ಬಿಟ್ಟಷ್ಟು ತೆಗೆಯಿರಿ. ಬೆಂಕಿಯ ಹೊಗೆ ವಾಸನೆ ಸ್ವಲ್ಪ ಕಮ್ಮಿ ಇರುತ್ತೆ, ರುಚಿಗೆ ಮೋಸವಿಲ್ಲ.

ಹಸಿ ಕಾಯಿ ಬದಲು ಒಣ ಬ್ಯಾಡಗಿ ಮೆಣಸಿನಕಾಯಿ ಹಾಕಬಹುದಾ? — ಕುಷ್ಟಗಿಯ ಓದುಗರು

ಹಾಕಬಹುದು, ಆದರೆ ಅದು ಬೇರೆಯೇ ಅಡುಗೆ ಆಗುತ್ತೆ. ನ್ಯೂ ಮೆಕ್ಸಿಕೊದವರ 'ಕೆಂಪು' ಅದೇ. ಹಸಿರು ಕಾಯಿಯನ್ನೇ ಗಿಡದಲ್ಲಿ ಹಣ್ಣಾಗಲು ಬಿಟ್ಟು, ಒಣಗಿಸಿ ಮಾಡುತ್ತಾರೆ. ಬ್ಯಾಡಗಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಬಣ್ಣ ಜಾಸ್ತಿ, ಖಾರ ಕಮ್ಮಿ ಇರುವ ಕಾಯಿ ಅದು. ಹೀಗಾಗಿ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಗುಂಟೂರು ಕಾಯಿ ಬೇಡ.

ಒಣ ಕಾಯಿಯನ್ನು ಬೆಂಕಿಗೆ ಹಿಡಿಯಬೇಡಿ. ಹಸಿ ಕಾಯಿಯಲ್ಲಿ ನೀರಿದೆ, ಅದು ತಡೆದುಕೊಳ್ಳುತ್ತೆ. ಒಣ ಕಾಯಿ ಕ್ಷಣದಲ್ಲಿ ಕರಕಲಾಗಿ ಕಹಿಯಾಗುತ್ತೆ. ಹನ್ನೆರಡು ಕಾಯಿ ತೊಟ್ಟು, ಬೀಜ ತೆಗೆದು, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಘಮ್ ಅನ್ನುವ ತನಕ ಮಾತ್ರ ಬೆಚ್ಚಗೆ ಮಾಡಿ. ಅರ್ಧ ಗಂಟೆ ಬಿಸಿ ನೀರಲ್ಲಿ ನೆನೆಸಿ, ಬಳ್ಳೊಳ್ಳಿ ಜೊತೆ ನುಣ್ಣಗೆ ರುಬ್ಬಿ, ಸೋಸಿ. ಉಳ್ಳಾಗಡ್ಡಿ ಬೆಂದ ಮೇಲೆ ಇದನ್ನು ಎಣ್ಣೆಯಲ್ಲಿ ಬಾಡಿಸಿ ಮಾಂಸ ಹಾಕಿ. ಈ ಕೆಂಪು ರಸಕ್ಕೆ ಗಂಗಾವತಿ ಕಡೆಯ ಸೋನಾ ಮಸೂರಿ ಅನ್ನ ಬಹಳ ಚೆನ್ನ.

ಆಲೂಗಡ್ಡೆ ಯಾವಾಗಲೂ ಕರಗಿ ಗಂಜಿ ಆಗುತ್ತೆ. — ಸಿರುಗುಪ್ಪದ ಓದುಗರು

ನಮ್ಮೂರ ಕಡೆಯವರು! ಆಲೂಗಡ್ಡೆಯನ್ನು ಮಾಂಸದ ಜೊತೆ ಕುಕ್ಕರ್‌ಗೆ ಹಾಕುತ್ತಿದ್ದೀರಿ ಅನ್ನಿಸುತ್ತೆ. ಮಾಂಸ ಬೆಂದು ಮುಚ್ಚಳ ತೆಗೆದ ಮೇಲೆ, ನಾಲ್ಕು ಹೋಳು ಮಾಡಿ ಹಾಕಿ, ತೆರೆದ ಪಾತ್ರೆಯಲ್ಲಿ ಬೇಯಿಸಿ. ಒಂದು ಟೊಮ್ಯಾಟೊ ಜೊತೆಗಿದ್ದರೆ ಹುಳಿಗೆ ಹೋಳು ಗಟ್ಟಿ ನಿಲ್ಲುತ್ತೆ. ರಸ ದಪ್ಪ ಬೇಕಾದರೆ ಎರಡು ಹೋಳು ಮಾತ್ರ ಸೌಟಿನಿಂದ ಜಜ್ಜಿ.

ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಈ ಸುಟ್ಟ ಮಿರ್ಚಿಯಿಂದ ನಮಗೇನಾದರೂ ಹೇಳಿ. — ದೇವದುರ್ಗದ ಓದುಗರು

ಅಲಸಂದೆ ಕಾಳು ರಾತ್ರಿ ನೆನೆಸಿ ಬೇಯಿಸಿಕೊಳ್ಳಿ. ಉಳಿದದ್ದೆಲ್ಲ ಮೇಲೆ ಹೇಳಿದ ಹಾಗೇ, ಉಳ್ಳಾಗಡ್ಡಿ, ಬಳ್ಳೊಳ್ಳಿ, ಜೀರಿಗೆ, ಆಲೂಗಡ್ಡೆ, ಸುಟ್ಟ ಮಿರ್ಚಿ. ಎಲುಬಿನ ರಸ ಇರುವುದಿಲ್ಲವಾದ್ದರಿಂದ ಒಂದು ಸೌಟು ಬೆಂದ ಕಾಳನ್ನು ರುಬ್ಬಿ ಸೇರಿಸಿ. ಜೊತೆಗೊಂದು ಬದನೆಕಾಯಿಯನ್ನೂ ಸುಟ್ಟು ಹಿಸುಕಿ ಹಾಕಿದರೆ ಹೊಗೆ ವಾಸನೆ ದುಪ್ಪಟ್ಟು.

ಮಧ್ಯಾಹ್ನ ಮಾಡಿದ ಮಟನ್ ರಾತ್ರಿಗೆ ಹೊರಗೇ ಇಟ್ಟರೆ ನಡೆಯುತ್ತಾ? ಮಾರನೇ ದಿನ ರುಚಿ ಜಾಸ್ತಿ ಅಂತ ಅತ್ತೆ ಹೇಳುತ್ತಾರೆ. — ಕಂಪ್ಲಿಯ ಓದುಗರು

ನಿಮ್ಮ ಅತ್ತೆ ಹೇಳುವುದು ಸರಿ, ಮಾರನೇ ದಿನ ಉಪ್ಪು, ಖಾರ ಮಾಂಸದೊಳಗೆ ಇಳಿದು ರುಚಿ ಕೂಡುತ್ತೆ. ಆದರೆ ಹೊರಗಿಡುವುದು ಬೇಡ. ಅಡುಗೆ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಒಂದೇ ಗಂಟೆ. ದೊಡ್ಡ ಬೋಗಣಿ ಹಾಗೇ ಇಟ್ಟರೆ ನಡುವಿನ ರಸ ತಣ್ಣಗಾಗೋಕೆ ಬಹಳ ಹೊತ್ತು ಬೇಕು. ಅಗಲವಾದ ಎರಡು ಪಾತ್ರೆಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿ ಇಟ್ಟು ಬಿಸಿ ಇಳಿಸಿ, ಮುಚ್ಚಿ ಒಳಗಿಡಿ. ಬೆಳಿಗ್ಗೆ ನೋಡಿದರೆ ಮೇಲೆ ಬಿಳಿ ಕೊಬ್ಬು ಹೆಪ್ಪುಗಟ್ಟಿರುತ್ತೆ, ಕೆಳಗಿನ ರಸವೂ ಗಟ್ಟಿಯಾಗಿ ಅಲುಗಾಡುತ್ತಿರುತ್ತೆ. ಕೆಟ್ಟಿದೆ ಅಂತ ಚೆಲ್ಲಬೇಡಿ, ಅದು ಎಲುಬಿನ ಅಂಟು. ಕೊಬ್ಬು ಜಾಸ್ತಿ ಅನ್ನಿಸಿದರೆ ಚಮಚದಲ್ಲಿ ಮೇಲಿಂದ ತೆಗೆಯಿರಿ. ಆ ಹೊತ್ತಿಗೆ ಬೇಕಾಗುವಷ್ಟನ್ನು ಮಾತ್ರ ಬೇರೆ ಪಾತ್ರೆಗೆ ಹಾಕಿ, ಪೂರ್ತಿ ಕುದಿ ಬರುವ ಹಾಗೆ ಕಾಯಿಸಿ. ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಕಾಯಿಸಿ ಇಡಬೇಡಿ.